‘ಟಚ್’ ಎಂಬ ಪದದ ಸುತ್ತ

ಇಂಗ್ಲಿಷಿನ ‘ಟಚ್’ ಎಂಬ ಪುಟ್ಟ ಪದಕ್ಕಿರುವ ಅರ್ಥಗಳನ್ನು ಎಣಿಸಲು ಹೊರಟರೆ ಸುಲಭಕ್ಕೆ ಮುಗಿಯುವುದಿಲ್ಲ. ಮುಟ್ಟುವುದು ಎಂಬುದು ಮೂಲಾರ್ಥ. ಮನ ಕಲಕುವ ಕಥೆ ‘ಟಚಿಂಗ್’, ತಲೆ ತುಸು ಕೆಟ್ಟವನು ‘ಟಚ್ಡ್’, ಮಾತು ಮಾತಿಗೂ ಮುನಿಸಿಕೊಳ್ಳುವವನು ‘ಟಚಿ’. ಚಿನ್ನವನ್ನು ಉಜ್ಜಿ ನೋಡುವ ನಮ್ಮ ಒರೆಗಲ್ಲು ಅವರಿಗೆ ‘ಟಚ್‌ಸ್ಟೋನ್’. ನಮ್ಮ ‘ಮುಟ್ಟು’ ಕೂಡ ಕಡಿಮೆಯದೇನಲ್ಲ. ಕಾಗದ ಕೈ ಮುಟ್ಟುತ್ತದೆ, ಮಾತು ಮನ ಮುಟ್ಟುತ್ತದೆ. ಆದರೆ ಈ ಪದದ ಒಂದು ಹಳೆಯ ಬಳಕೆ ನಮ್ಮವರಿಗೆ ಅಷ್ಟಾಗಿ ಪರಿಚಿತವಲ್ಲ. ಅದು ರಾಜಸ್ಪರ್ಶ.

ಮಧ್ಯಯುಗದ ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳಲ್ಲಿ ದೊರೆಯು ಕೈಯಿಂದ ಮುಟ್ಟಿದರೆ ಗಂಡಮಾಲೆ ವಾಸಿಯಾಗುತ್ತದೆಂಬ ನಂಬಿಕೆ ಬೇರೂರಿತ್ತು. ಕೊರಳಿನ ಗ್ರಂಥಿಗಳು ಬಾತು ಹುಣ್ಣಾಗುವ ಈ ರೋಗ ಬಹುಮಟ್ಟಿಗೆ ಕ್ಷಯದ ಒಂದು ರೂಪವೆಂದು ಇಂದು ತಿಳಿದಿದೆ. ಅಂದಿನ ಆಂಗ್ಲರು ಅದನ್ನು ‘ರಾಜನ ಬೇನೆ’ ಎಂದೇ ಕರೆಯುತ್ತಿದ್ದರು. ಪಾದ್ರಿಯು ಧರ್ಮಗ್ರಂಥವನ್ನು ಓದುತ್ತಿದ್ದಂತೆ ದೊರೆಯು ರೋಗಿಯ ಮುಖ, ಕೊರಳುಗಳನ್ನು ಸವರಿ, ಪಟ್ಟಿಯಲ್ಲಿ ಪೋಣಿಸಿದ ಚಿನ್ನದ ಬಿಲ್ಲೆಯೊಂದನ್ನು ತೊಡಿಸುತ್ತಿದ್ದ. (ಬಿಲ್ಲೆಯ ಆಸೆಗೇ ಬಂದವರೂ ಇದ್ದಿರಬೇಕು!) 1660ರಿಂದ 1685ರವರೆಗೆ ಆಳಿದ ಎರಡನೆಯ ಚಾರ್ಲ್ಸ್ ಹೀಗೆ ಮುಟ್ಟಿದವರ ಸಂಖ್ಯೆ 90,000ಕ್ಕೂ ಹೆಚ್ಚು. ಅವನ ತಂದೆಯ ಶಿರಚ್ಛೇದವಾದದ್ದು 1649ರಲ್ಲಿ. ಆಮೇಲೆ ಹನ್ನೊಂದು ವರ್ಷ ಆ ದೇಶಕ್ಕೆ ದೊರೆಯೇ ಇರಲಿಲ್ಲ. ಮರಳಿ ಪಟ್ಟವೇರಿದವನಿಗೆ ತಾನು ದೇವರಿಂದಲೇ ನೇಮಕಗೊಂಡವನೆಂದು ತೋರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇದ್ದೀತೇ? ಈ ಚಿಕಿತ್ಸೆ ಬೇಕಾಗಿದ್ದುದು ರೋಗಿಗಿಂತ ಹೆಚ್ಚಾಗಿ ಸಿಂಹಾಸನಕ್ಕೆ ಎಂದೇ ನನ್ನ ಭಾವನೆ.

1712ರಲ್ಲಿ ರಾಣಿ ಆನ್ ಎರಡೂವರೆ ವರ್ಷದ ಮಗುವೊಂದನ್ನು ಮುಟ್ಟಿದಳು. ರೋಗ ಗುಣವಾಗಲಿಲ್ಲ, ಕಲೆಗಳು ಕೊನೆಯವರೆಗೂ ಉಳಿದವು. ಆದರೂ ಆ ಬಿಲ್ಲೆಯನ್ನು ಅವನು ಜೀವನವಿಡೀ ಧರಿಸಿದ. ಅವನೇ 1755ರಲ್ಲಿ ಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್! 1714ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಜಾರ್ಜ್ ಈ ಪದ್ಧತಿಯನ್ನು ಕೈಬಿಟ್ಟ.

ಒಬ್ಬನ ಕೈಗೆ ಗುಣಪಡಿಸುವ ಶಕ್ತಿಯನ್ನು ಆರೋಪಿಸಿದ ಮನುಷ್ಯನೇ ಇನ್ನೊಬ್ಬನ ಕೈಗೆ ಕೆಡಿಸುವ ಶಕ್ತಿಯನ್ನೂ ಆರೋಪಿಸಿದ. ನಮ್ಮ ದೇಶದ ಆ ಅನಾಚಾರಕ್ಕೆ ಒಳಗಾದವರನ್ನು ಹೆಸರಿಸಲು ಇಂಗ್ಲಿಷಿನಲ್ಲಿ ಬಳಕೆಗೆ ಬಂದ ಪದ ‘ಅನ್‌ಟಚಬಲ್’. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಮಹಾಡಿನ ಚವದಾರ್ ಕೆರೆಗೆ ನಡೆದುಹೋಗಿ ನೀರು ಕುಡಿದರು. ಆ ನೀರು ಸಾರ್ವಜನಿಕರದೆಂದು ಪುರಸಭೆ ಮೊದಲೇ ಸಾರಿತ್ತು. ಆದರೂ ಅವರು ಮುಟ್ಟಿದರೆಂಬ ಕಾರಣಕ್ಕೆ ಮೇಲ್ಜಾತಿಯವರು ಕೆರೆಗೆ ಪಂಚಗವ್ಯದಿಂದ ಶುದ್ಧಿ ಮಾಡಿಸಿದರು.

ಕೆಲವೇ ವರ್ಷಗಳ ಬಳಿಕ ಅಮೆರಿಕದ ಷಿಕಾಗೊ ನಗರದಲ್ಲಿ ಇದೇ ಪದ ಬಿರುದಾಯಿತು. ಪಾನನಿರೋಧದ ಕಾಲ, ಕಳ್ಳಸಾರಾಯಿಯ ದೊರೆ ಅಲ್ ಕಪೋನ್‌ನ ಹಣಕ್ಕೆ ಪೊಲೀಸರೂ ಮಾರಿಹೋಗಿದ್ದ ದಿನಗಳು. ಎಲಿಯಟ್ ನೆಸ್ ಎಂಬ ಅಧಿಕಾರಿಯ ಪುಟ್ಟ ತಂಡ ಮಾತ್ರ ಲಂಚಕ್ಕೆ ಬಗ್ಗಲಿಲ್ಲ. ಪತ್ರಿಕೆಗಳು ಅವರನ್ನು ‘ಅನ್‌ಟಚಬಲ್ಸ್’ ಎಂದು ಹೊಗಳಿದವು. ಲ್ಯಾಟಿನ್ ಮೂಲದ ‘ಇಂಟಿಜರ್’, ಅಂದರೆ ಶಾಲೆಯಲ್ಲಿ ಕಲಿಯುವ ಪೂರ್ಣಾಂಕ, ಮೂಲತಃ ‘ಮುಟ್ಟದೆ ಉಳಿದದ್ದು’ ಎಂಬರ್ಥದ್ದು. ಪ್ರಾಮಾಣಿಕತೆಯನ್ನು ಸೂಚಿಸುವ ‘ಇಂಟೆಗ್ರಿಟಿ’ಯೂ ಅದೇ ಬೇರಿನದು.

ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಆ ವಿಧಿಯ ಇಂಗ್ಲಿಷ್ ಪಾಠದಲ್ಲಿ ‘ಅನ್‌ಟಚಬಿಲಿಟಿ’ ಎಂಬ ಪದ ಉದ್ಧರಣ ಚಿಹ್ನೆಗಳ ನಡುವೆ ಇದೆ, ಅರ್ಥವಿವರಣೆ ಇಲ್ಲ. ಹಾಗಾದರೆ ಅದನ್ನು ಹೇಗೆ ಓದಬೇಕು? ಈ ಪ್ರಶ್ನೆ ನಮ್ಮ ಮೈಸೂರು ಹೈಕೋರ್ಟಿನ ಮುಂದೆಯೇ ಬಂದು, ಅದರ ತೀರ್ಪು 1958ರ ಕಾನೂನು ವರದಿಗಳಲ್ಲಿ ಪ್ರಕಟವಾಯಿತು. ಪದವನ್ನು ಅಕ್ಷರಶಃ ತೆಗೆದುಕೊಂಡರೆ ಸಾಂಕ್ರಾಮಿಕ ರೋಗಿಯನ್ನು ದೂರವಿಡುವುದೂ, ಹುಟ್ಟುಸಾವುಗಳ ಸೂತಕವೂ ಅದರೊಳಗೆ ಸೇರಿಬಿಡುತ್ತವೆ. ಆದ್ದರಿಂದ ಈ ದೇಶದಲ್ಲಿ ಚಾರಿತ್ರಿಕವಾಗಿ ಬೆಳೆದುಬಂದ ಆಚರಣೆ ಎಂಬ ಅರ್ಥದಲ್ಲಿಯೇ ಅದನ್ನು ಗ್ರಹಿಸಬೇಕು ಎಂದು ನ್ಯಾಯಾಲಯ ಹೇಳಿತು.