ಹಾಕಿ ತಂಡವನ್ನು ಆರಿಸುವವರು ಯಾರು?

1928ರ ಮಾರ್ಚ್ 10ರಂದು ಮುಂಬಯಿ ಬಂದರಿನಿಂದ ‘ಕೈಸರ್-ಇ-ಹಿಂದ್’ ಹಡಗು ಹೊರಟಾಗ ಭಾರತದ ಮೊದಲ ಒಲಿಂಪಿಕ್ ಹಾಕಿ ತಂಡವನ್ನು ಬೀಳ್ಕೊಡಲು ಬಂದಿದ್ದವರು ಮೂರೇ ಮೂರು ಜನ. ಎರಡೂವರೆ ತಿಂಗಳ ನಂತರ, ಮೇ 26ರಂದು, ಅದೇ ತಂಡ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆತಿಥೇಯ ಹಾಲೆಂಡನ್ನು 3-0 ಗೋಲುಗಳಿಂದ ಸೋಲಿಸಿ ಚಿನ್ನದ ಪದಕ ಗೆದ್ದಿತು. 5 ಪಂದ್ಯಗಳಲ್ಲಿ ಭಾರತ ಹೊಡೆದ ಗೋಲು 29. ಎದುರಾಳಿಗಳಿಗೆ ಒಂದೂ ದಕ್ಕಲಿಲ್ಲ. ತಂಡ ಮರಳಿದಾಗ ಅದೇ ಮುಂಬಯಿಯಲ್ಲಿ ಜನ ಕಿಕ್ಕಿರಿದಿದ್ದರು.

ಗೆದ್ದ ಕತೆ ಎಲ್ಲರಿಗೂ ಗೊತ್ತು. ಆದರೆ ಆ ಆಟಗಾರರು ಹಡಗು ಹತ್ತಿದ್ದು ಹೇಗೆ? ಇಷ್ಟು ದೊಡ್ಡ ದೇಶದಲ್ಲಿ ಅವರನ್ನೇ ಆರಿಸಿದವರು ಯಾರು, ಯಾವ ಅಳತೆಯಿಂದ? ಈ ಪ್ರಶ್ನೆಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಮೈದಾನದಲ್ಲಿ ಆಡಿದ ಪಂದ್ಯಗಳಷ್ಟೇ ಕುತೂಹಲ ಅದರಲ್ಲೂ ಇದೆ.

ಕಲ್ಕತ್ತೆಯ ಪರೀಕ್ಷೆ

ಭಾರತೀಯ ಹಾಕಿ ಫೆಡರೇಷನ್ ಹುಟ್ಟಿದ್ದು 1925ರಲ್ಲಿ, ಗ್ವಾಲಿಯರ್‌ನಲ್ಲಿ. ಮರುವರ್ಷ ಸೇನೆಯ ತಂಡವೊಂದು ನ್ಯೂಜಿಲೆಂಡ್ ಪ್ರವಾಸ ಮಾಡಿ 21 ಪಂದ್ಯಗಳಲ್ಲಿ 18 ಗೆದ್ದು ಬಂದಿತ್ತು. ಧ್ಯಾನ್ ಚಂದ್ ಎಂಬ ಯುವ ಸಿಪಾಯಿಯ ಹೆಸರು ಕೇಳಿಬಂದದ್ದು ಅಲ್ಲಿಂದಲೇ. ಒಲಿಂಪಿಕ್ಸ್‌ಗೆ ಸೇನೆಯ ತಂಡ ಸಾಲದು, ದೇಶದ ತಂಡ ಬೇಕು ಎಂದಾದಾಗ ಫೆಡರೇಷನ್ ಒಂದು ಸರಳ ಉಪಾಯ ಕಂಡುಕೊಂಡಿತು. ಪ್ರಾಂತಗಳ ನಡುವೆ ಟೂರ್ನಿ ನಡೆಸುವುದು, ಅದರಲ್ಲಿ ಚೆನ್ನಾಗಿ ಆಡಿದವರನ್ನು ಆರಿಸುವುದು.

1928ರ ಆರಂಭದಲ್ಲಿ ಕಲ್ಕತ್ತೆಯಲ್ಲಿ ಆ ಟೂರ್ನಿ ನಡೆಯಿತು. ಬಂದದ್ದು ಐದೇ ತಂಡ: ಸಂಯುಕ್ತ ಪ್ರಾಂತ, ಪಂಜಾಬ್, ಬಂಗಾಳ, ರಜಪುತಾನ ಮತ್ತು ಮಧ್ಯ ಪ್ರಾಂತ. ಸಂಯುಕ್ತ ಪ್ರಾಂತ ಗೆದ್ದಿತು. ಈ ಐದರಲ್ಲಿ ದಕ್ಷಿಣದ ತಂಡ ಒಂದೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಇಂದಿನ ಕರ್ನಾಟಕ ಆಗ ಹಲವು ಆಡಳಿತಗಳ ಪಾಲಾಗಿತ್ತು. ರಾಯಚೂರು, ಮಾನ್ವಿ, ದೇವದುರ್ಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಧಾರವಾಡ ಮುಂಬಯಿ ಪ್ರಾಂತಕ್ಕೂ ಮಂಗಳೂರು ಮದ್ರಾಸ್ ಪ್ರಾಂತಕ್ಕೂ ಸೇರಿದ್ದವು. ಕೊಡಗು ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಮೈಸೂರು ಬೇರೆಯೇ ಸಂಸ್ಥಾನ. ಇವುಗಳಲ್ಲಿ ಒಂದೂ ಕಲ್ಕತ್ತೆಯ ಕಣದಲ್ಲಿರಲಿಲ್ಲ. ಅಲ್ಲಿ ಆಡದವರನ್ನು ನೋಡುವವರೇ ಇರಲಿಲ್ಲ. ಆಯ್ಕೆಯ ಮೊದಲ ನಿಯಮ ಅಂದೂ ಇದೇ, ಇಂದೂ ಇದೇ: ಆರಿಸುವವರ ಕಣ್ಣಿಗೆ ಬೀಳಬೇಕು.

ಆರಿಸಿದವರನ್ನೆಲ್ಲ ಕಳಿಸಲು ಹಣವೂ ಇರಲಿಲ್ಲ. ಶೌಕತ್ ಅಲಿ ಮತ್ತು ನಾರಿಸ್ ಎಂಬ ಇಬ್ಬರು ಆಟಗಾರರನ್ನು ಖರ್ಚಿಗೆ ದುಡ್ಡಿಲ್ಲದ ಕಾರಣಕ್ಕೆ ಬಿಟ್ಟು ಹೋಗುವ ಪರಿಸ್ಥಿತಿ ಬಂದಿತ್ತು. ಬಂಗಾಳದ ಜನ ಕೈಜೋಡಿಸಿದ್ದರಿಂದ ಅವರೂ ಹಡಗು ಹತ್ತಿದರು. ನಾಯಕತ್ವ ವಹಿಸಿದ ಜೈಪಾಲ್ ಸಿಂಗ್ ಕಲ್ಕತ್ತೆಯಲ್ಲಿ ಆಡಿಯೇ ಇರಲಿಲ್ಲ. ಛೋಟಾನಾಗಪುರದ ಮುಂಡಾ ಬುಡಕಟ್ಟಿನ ಈ ಯುವಕ ಆಕ್ಸ್‌ಫರ್ಡ್‌ನಲ್ಲಿ ಓದಿದವರು, ತಂಡ ಇಂಗ್ಲೆಂಡ್ ತಲುಪಿದಾಗ ಅಲ್ಲೇ ಸೇರಿಕೊಂಡರು. ಆದರೆ ಫೈನಲ್‌ಗೆ ಮುನ್ನವೇ ಅವರು ತಂಡದಿಂದ ದೂರವಾದರು. ಮುಂದೆ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ದನಿಯಾದವರು ಇವರೇ.

ಪರೀಕ್ಷೆ ಬರೆಯದೆ ಪಾಸಾದವರು

1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಇದೇ ಕ್ರಮ. ಅಂತರ ಪ್ರಾಂತೀಯ ಟೂರ್ನಿಯನ್ನು ಪಂಜಾಬ್ ಗೆದ್ದಿತು, ಹಾಗಾಗಿ ತಂಡದಲ್ಲಿ ಆ ಪ್ರಾಂತದ್ದೇ ಮೇಲುಗೈ. ಆದರೆ ದೇಶದ ಅತ್ಯುತ್ತಮ ಆಟಗಾರನಿಗೆ ಈ ಟೂರ್ನಿಯಲ್ಲಿ ಆಡಲು ಸೇನೆ ರಜೆಯನ್ನೇ ಕೊಡಲಿಲ್ಲ. ನಿಯಮ ನೋಡಿದರೆ ಧ್ಯಾನ್ ಚಂದ್ ಹೊರಗುಳಿಯಬೇಕಿತ್ತು. ಫೆಡರೇಷನ್ ನಿಯಮವನ್ನು ಬದಿಗಿಟ್ಟು ಅವರನ್ನು ನೇರವಾಗಿ ಆರಿಸಿತು. ಆ ಒಲಿಂಪಿಕ್ಸ್‌ನಲ್ಲಿ ಭಾರತ ಅಮೆರಿಕವನ್ನು 24-1ರಿಂದ ಸೋಲಿಸಿತು. ಅದರಲ್ಲಿ ಧ್ಯಾನ್ ಚಂದ್ ಹೊಡೆದದ್ದು 8 ಗೋಲು, ಅವರ ತಮ್ಮ ರೂಪ್ ಸಿಂಗ್ 10.

1936ರಲ್ಲೂ ಹಾಗೆಯೇ ಆಯಿತು. ಮತ್ತೆ ರಜೆ ಸಿಗಲಿಲ್ಲ, ಮತ್ತೆ ನೇರ ಆಯ್ಕೆ. ಈ ಬಾರಿ ಧ್ಯಾನ್ ಚಂದ್‌ಗೆ ನಾಯಕನ ಪಟ್ಟವೂ ದೊರೆಯಿತು. ಆದರೆ ಬರ್ಲಿನ್ ತಲುಪಿದ ಕೂಡಲೇ ಅಭ್ಯಾಸ ಪಂದ್ಯದಲ್ಲಿ ಜರ್ಮನಿ 4-1ರಿಂದ ಭಾರತವನ್ನು ಸೋಲಿಸಿಬಿಟ್ಟಿತು. ಮುಂಪಡೆಯಲ್ಲಿ ಕೊರತೆಯಿದೆ ಎಂಬುದು ನಾಯಕ ಮತ್ತು ವ್ಯವಸ್ಥಾಪಕರಿಗೆ ಅರ್ಥವಾಯಿತು. ಅಲಿ ಇಕ್ತಿದಾರ್ ಶಾ ದಾರಾ ಅವರನ್ನು ಕಳಿಸಿಕೊಡಿ ಎಂದು ಭಾರತಕ್ಕೆ ಸುದ್ದಿ ಮುಟ್ಟಿಸಲಾಯಿತು. ಸೇನೆಯಲ್ಲಿದ್ದ ದಾರಾ ವಿಮಾನ ಹತ್ತಿ ಸೆಮಿಫೈನಲ್ ವೇಳೆಗೆ ಬರ್ಲಿನ್ ಮುಟ್ಟಿದರು. ಆಗಸ್ಟ್ 15ರ ಫೈನಲ್‌ನಲ್ಲಿ ಅದೇ ಜರ್ಮನಿಯನ್ನು ಭಾರತ 8-1ರಿಂದ ಮಣಿಸಿತು.

ಈ ಎರಡು ಪ್ರಸಂಗಗಳಲ್ಲಿ ಆಯ್ಕೆಯ ಹಳೆಯ ಜಿಜ್ಞಾಸೆಯೊಂದು ಅಡಗಿದೆ. ಎಲ್ಲರಿಗೂ ಒಂದೇ ನಿಯಮ ಎಂದರೆ ಶ್ರೇಷ್ಠ ಆಟಗಾರ ಕೈತಪ್ಪಬಹುದು. ಶ್ರೇಷ್ಠನಿಗಾಗಿ ನಿಯಮ ಸಡಿಲಿಸಿದರೆ ನಾಳೆ ಯಾರಿಗೆ ಬೇಕಾದರೂ ಸಡಿಲಿಸಬಹುದು. ಧ್ಯಾನ್ ಚಂದ್ ವಿಷಯದಲ್ಲಿ ಈ ಸಡಿಲಿಕೆಯನ್ನು ಯಾರೂ ತಪ್ಪೆನ್ನಲಾರರು. ಆದರೆ ದೇಶಕ್ಕೆ ಎಲ್ಲ ಕಾಲಕ್ಕೂ ಧ್ಯಾನ್ ಚಂದ್ ಸಿಗುವುದಿಲ್ಲ.

ತಂಡದಲ್ಲಿ ಹೆಸರು ಬಂದ ಮಾತ್ರಕ್ಕೆ ಆಡುವ ಅವಕಾಶ ಸಿಕ್ಕಿತೆಂದೂ ಅಲ್ಲ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್, 1948ರ ಲಂಡನ್. ಅಲ್ಲಿ ಬಲ್‌ಬೀರ್ ಸಿಂಗ್ ಅರ್ಜೆಂಟೀನಾ ವಿರುದ್ಧ 6 ಗೋಲು ಹೊಡೆದರು. ಆದರೂ ಮುಂದಿನ ಪಂದ್ಯಗಳಲ್ಲಿ ಹೊರಗೆ ಕುಳಿತರು. ಬ್ರಿಟನ್ ವಿರುದ್ಧದ ಫೈನಲ್‌ಗೆ ಮರಳಿ ಕರೆ ಬಂತು. ಭಾರತ 4-0ರಿಂದ ಗೆದ್ದ ಆ ಪಂದ್ಯದಲ್ಲಿ ಅವರದೇ 2 ಗೋಲು.

ಕರ್ನಾಟಕದ ಸರದಿ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಕೊಡಗು, ಬೆಂಗಳೂರು, ರಾಯಚೂರು ಒಂದೇ ರಾಜ್ಯದ ಜಿಲ್ಲೆಗಳಾದವು.

ಮೊದಲು ಮಿಂಚಿದವರು ಹೆಣ್ಣುಮಕ್ಕಳು. ಬೆಂಗಳೂರಿನ ಎಲ್ವೆರಾ ಬ್ರಿಟೊ ನಾಯಕತ್ವದಲ್ಲಿ ಮೈಸೂರು ತಂಡ 1960ರಿಂದ 1967ರ ನಡುವೆ 7 ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅವರ ಸೋದರಿಯರಾದ ರೀಟಾ ಮತ್ತು ಮೇ ಕೂಡ ಅದೇ ತಂಡದವರು. ಎಲ್ವೆರಾ ಅವರಿಗೆ 1965ರ ಅರ್ಜುನ ಪ್ರಶಸ್ತಿ ಬಂತು. ಆದರೆ ಒಲಿಂಪಿಕ್ಸ್‌ನಲ್ಲಿ ಮಹಿಳಾ ಹಾಕಿ ಸೇರಿದ್ದು 1980ರಲ್ಲಿ. ಎಷ್ಟೇ ಚೆನ್ನಾಗಿ ಆಡಿದರೂ ಈ ಸೋದರಿಯರ ಕಾಲದಲ್ಲಿ ಆ ಬಾಗಿಲೇ ಇರಲಿಲ್ಲ. ಆಟ ಬಿಟ್ಟ ಮೇಲೆ ಎಲ್ವೆರಾ ಸ್ವತಃ ಆಯ್ಕೆಗಾರ್ತಿಯಾದರು.

ಪುರುಷರಲ್ಲಿ ಹೆಸರು ಮಾಡಿದವರು ಹೆಚ್ಚಾಗಿ ಕೊಡಗಿನವರು. ಎಂ.ಪಿ. ಗಣೇಶ್ ಸೇನೆ ಸೇರಿ, ಸರ್ವಿಸಸ್ ತಂಡದ ಮೂಲಕ ಭಾರತ ತಂಡಕ್ಕೆ ಬಂದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದ ಅವರು ಮರುವರ್ಷ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡಕ್ಕೆ ನಾಯಕರಾದರು. ಸೋಮವಾರಪೇಟೆಯ ಬಿ.ಪಿ. ಗೋವಿಂದ 1975ರ ವಿಶ್ವಕಪ್ ವಿಜೇತ ತಂಡದಲ್ಲಿ ಆಡಿದರು. ಎಂ.ಎಂ. ಸೋಮಯ್ಯ 1980ರ ಮಾಸ್ಕೊ ಚಿನ್ನದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ಗೆ ನಾಯಕರಾದರು.

ಒಂದು ಪುಟ್ಟ ಗುಡ್ಡಗಾಡು ಜಿಲ್ಲೆಯಿಂದ ಇಷ್ಟು ಜನ ಹೇಗೆ? ರಕ್ತದ ಗುಣ ಎಂದುಬಿಡುವುದು ಸುಲಭ. ಆದರೆ ಕಾರಣ ಬೇರೆ. ಅಲ್ಲಿ ಸೇನೆಗೆ ಸೇರುವ ಪರಂಪರೆ ಇತ್ತು, ಸೇನೆಯಲ್ಲಿ ಹಾಕಿ ಇತ್ತು, ರಜೆಗೆ ಬಂದವರೊಂದಿಗೆ ಆ ಆಟ ಊರಿಗೂ ಬಂತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಟೂರ್ನಿ ಆರಂಭಿಸಿದಾಗ ಸೇರಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಟೂರ್ನಿಯಲ್ಲಿ 360 ಕುಟುಂಬಗಳು ಆಡಿದವು. ಅಜ್ಜನಿಂದ ಮೊಮ್ಮಗಳವರೆಗೆ ಎಲ್ಲರೂ ಕೋಲು ಹಿಡಿಯುವ ಊರಲ್ಲಿ ಒಳ್ಳೆಯ ಆಟಗಾರ ಮರೆಯಲ್ಲಿ ಉಳಿಯುವುದು ಕಷ್ಟ.

ಗೆದ್ದರೂ ಹೊರಗೆ

ಆಯ್ಕೆಯ ಅಧಿಕಾರ ಕೆಲವೇ ಕೈಗಳಲ್ಲಿ ಉಳಿದಾಗ ಏನಾಗುತ್ತದೆ ಎಂಬುದಕ್ಕೂ ನಮ್ಮ ಹಾಕಿಯಲ್ಲಿ ಉದಾಹರಣೆಗಳಿವೆ. 1975ರ ವಿಶ್ವಕಪ್‌ಗೆ ಮುನ್ನ ಫೆಡರೇಷನ್ ಒಳಜಗಳದಲ್ಲಿ ಮುಳುಗಿತ್ತು. ಪಂಜಾಬ್ ಸರ್ಕಾರ ಮುಂದೆ ಬಂದು ಚಂಡೀಗಢದಲ್ಲಿ ತರಬೇತಿ ಶಿಬಿರಕ್ಕೆ ನೆರವಾಯಿತು. ಆ ಶಿಬಿರದಲ್ಲಿ ಪಳಗಿದ ತಂಡ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದಿತು. ಸೆಮಿಫೈನಲ್‌ನಲ್ಲಿ ಮಲೇಷ್ಯಾ ಎದುರು ಸೋಲಿನ ಅಂಚಿನಲ್ಲಿದ್ದಾಗ ಸಮಬಲದ ಗೋಲು ಹೊಡೆದ ಅಸ್ಲಂ ಶೇರ್ ಖಾನ್ ಬದಲಿ ಆಟಗಾರನಾಗಿ ಇಳಿದವರು. ಪಟ್ಟಿಯ ಕೊನೆಯ ಹೆಸರಿಗೂ ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1998ರ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ 32 ವರ್ಷಗಳ ನಂತರ ಭಾರತ ಹಾಕಿ ಚಿನ್ನ ಗೆದ್ದಿತು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್ ಟೈಬ್ರೇಕರ್‌ಗೆ ಹೋದಾಗ ಗೋಡೆಯಾಗಿ ನಿಂತವರು ಕರ್ನಾಟಕದ ಗೋಲ್‌ಕೀಪರ್ ಆಶಿಶ್ ಬಲ್ಲಾಳ್. ಆಟಗಾರರು ತಮ್ಮ ಭತ್ಯೆ, ಸೌಲಭ್ಯಗಳ ಬಗ್ಗೆ ದನಿ ಎತ್ತಿದ್ದರು. ಕೆಲವೇ ವಾರಗಳಲ್ಲಿ ಪಾಕಿಸ್ತಾನ ಸರಣಿಗೆ ತಂಡ ಪ್ರಕಟವಾದಾಗ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿ 6 ಮಂದಿ ಹಿರಿಯರ ಹೆಸರು ಇರಲಿಲ್ಲ. ತರಬೇತುದಾರ ಎಂ.ಕೆ. ಕೌಶಿಕ್ ಅವರೂ ಹೊರಬಿದ್ದರು. ‘ವಿಶ್ರಾಂತಿ’ ಎಂಬುದು ಅಧಿಕೃತ ಕಾರಣ. ಚಿನ್ನ ಗೆದ್ದವರಿಗೆ ಇಂಥ ವಿಶ್ರಾಂತಿ ಏಕೆ ಎಂಬ ಪ್ರಶ್ನೆಯನ್ನು ಕ್ರೀಡಾಪ್ರೇಮಿಗಳು ಇಂದಿಗೂ ಬಿಟ್ಟಿಲ್ಲ.

2008ರಲ್ಲಿ ಸಂಕಟ ತುದಿ ಮುಟ್ಟಿತು. ಮಾರ್ಚ್‌ನಲ್ಲಿ ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ ಬ್ರಿಟನ್‌ಗೆ 0-2ರಿಂದ ಸೋತ ಭಾರತ, 1928ರ ನಂತರ ಮೊದಲ ಬಾರಿಗೆ ಒಲಿಂಪಿಕ್ಸ್ ಹಾಕಿಯಿಂದ ಹೊರಗುಳಿಯಿತು. ಏಪ್ರಿಲ್‌ನಲ್ಲಿ, ಆಟಗಾರನೊಬ್ಬನ ಆಯ್ಕೆಗೆ ಹಣ ಪಡೆದ ಆರೋಪವನ್ನು ಫೆಡರೇಷನ್ನಿನ ಪದಾಧಿಕಾರಿಯ ಮೇಲೆ ಹೊರಿಸಿ ದೂರದರ್ಶಕ ವಾಹಿನಿಯೊಂದು ಗುಪ್ತ ಕಾರ್ಯಾಚರಣೆ ಪ್ರಸಾರ ಮಾಡಿತು. ಅವರು ರಾಜೀನಾಮೆ ಕೊಟ್ಟರು. ಭಾರತೀಯ ಒಲಿಂಪಿಕ್ ಸಂಸ್ಥೆ ಫೆಡರೇಷನ್ನನ್ನೇ ಅಮಾನತಿನಲ್ಲಿಟ್ಟಿತು. ಮರುವರ್ಷ ‘ಹಾಕಿ ಇಂಡಿಯಾ’ ರಚನೆಯಾಯಿತು.

ಈಗಿನ ಲೆಕ್ಕಾಚಾರ

ಈಗ ಆಯ್ಕೆಯೆಂದರೆ ಒಂದು ಟೂರ್ನಿಯ ಮಾತಲ್ಲ, ವರ್ಷಗಳ ಜರಡಿ. ರಾಷ್ಟ್ರೀಯ ಟೂರ್ನಿಗಳಲ್ಲಿ ಕಣ್ಣಿಗೆ ಬಿದ್ದವರು ಸಂಭಾವ್ಯರ ಪಟ್ಟಿ ಸೇರುತ್ತಾರೆ. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಶಿಬಿರ ನಡೆಯುತ್ತದೆ. ವಿಶ್ವಕಪ್‌ಗೆ 18 ಮಂದಿ, ಒಲಿಂಪಿಕ್ಸ್‌ಗೆ ಬರೀ 16. ಈ ಎರಡು ಸ್ಥಾನಗಳ ಕಡಿತವೇ ಅನೇಕರ ಕನಸಿಗೆ ಕತ್ತರಿ. 16ರಲ್ಲಿ ಎರಡನೇ ಗೋಲ್‌ಕೀಪರ್‌ಗೆ ಸಾಮಾನ್ಯವಾಗಿ ಜಾಗವಿಲ್ಲ. ಪೆನಾಲ್ಟಿ ಕಾರ್ನರ್ ಪರಿಣತ ಬೇಕೇ ಬೇಕು. ಉಳಿದವರು ಎರಡು ಮೂರು ಸ್ಥಾನಗಳಲ್ಲಿ ಆಡಬಲ್ಲವರಾಗಿರಬೇಕು.

ಐಸ್ ಹಾಕಿಯಲ್ಲೂ ಇದೇ ತಲೆಬಿಸಿ. 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ತನ್ನ ದೊಡ್ಡ ವೃತ್ತಿಪರ ಆಟಗಾರರನ್ನು ಕಳಿಸಿದ ಕೆನಡಾ, ಸೆಮಿಫೈನಲ್‌ನ ನಿರ್ಣಾಯಕ ಹೊಡೆತಗಳಿಗೆ ವೇಯ್ನ್ ಗ್ರೆಟ್ಸ್‌ಕಿಯನ್ನೇ ಆರಿಸಲಿಲ್ಲ. ಝೆಕ್ ಗಣರಾಜ್ಯಕ್ಕೆ ಸೋತಿತು. ಆ ನಿರ್ಧಾರದ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ. ನಮ್ಮ ದೇಶದ ಐಸ್ ಹಾಕಿ ತಂಡಗಳಲ್ಲಿ ಲಡಾಖ್‌ನವರದೇ ಬಹುಪಾಲು. ಕಾರಣ ಸರಳ: ಮಂಜುಗಟ್ಟಿದ ಕೆರೆ ಇರುವುದು ಅಲ್ಲಿ.

ಈ ಮಾತು ನಮ್ಮ ಹಾಕಿಗೂ ಒಪ್ಪುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲುಹಾಸು ಬಂದಾಗ ಭಾರತ 7ನೇ ಸ್ಥಾನಕ್ಕೆ ಜಾರಿತು. ಅಂದಿನಿಂದ ಆ ಹಾಸಿನ ಮೇಲೆ ಚಿಕ್ಕಂದಿನಿಂದ ಆಡಿದವರಿಗೇ ದಾರಿ. 2016ರ ರಿಯೊ ಒಲಿಂಪಿಕ್ಸ್ ತಂಡದ 16 ಮಂದಿಯಲ್ಲಿ ಕರ್ನಾಟಕದವರು ನಾಲ್ವರಿದ್ದರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ಕಂಚು ಗೆದ್ದ ಟೋಕಿಯೊ ಮತ್ತು ಪ್ಯಾರಿಸ್ ತಂಡಗಳಲ್ಲಿ ಒಬ್ಬರೂ ಇರಲಿಲ್ಲ. ರಾಷ್ಟ್ರೀಯ ಶಿಬಿರ ನಮ್ಮದೇ ರಾಜಧಾನಿಯಲ್ಲಿ ನಡೆದರೂ ಈ ಸ್ಥಿತಿ.

ಕೊಡಗಿನ ಕತೆಯೇ ಹೀಗಾದರೆ ನಮ್ಮ ಕಡೆಯ ಮಾತೇನು? ದೇವದುರ್ಗದ ಎರೆಹೊಲದ ಅಂಚಿನಲ್ಲೋ ಮಾನ್ವಿಯ ಕಾಲುವೆ ಬದಿಯ ಊರಲ್ಲೋ ಓಡುವ ಹುಡುಗಿಯೊಬ್ಬಳ ಕಾಲಲ್ಲಿ ಎಷ್ಟೇ ವೇಗವಿರಲಿ, ಅವಳು ತಾಲ್ಲೂಕು, ಜಿಲ್ಲೆ, ಕಲಬುರ್ಗಿ ವಿಭಾಗ, ರಾಜ್ಯ ಎಂಬ ಮೆಟ್ಟಿಲು ಹತ್ತಬೇಕು. ಮೊದಲ ಮೆಟ್ಟಿಲಿಗೂ ಮುಂಚೆ ಅವಳ ಕೈಗೊಂದು ಹಾಕಿ ಕೋಲು, ಕಲಿಸುವ ದೈಹಿಕ ಶಿಕ್ಷಕರು, ಎದುರು ಆಡಲು ಇನ್ನೊಂದು ತಂಡ ಬೇಕು. ನಂತರ ರಾಯಚೂರಿನಿಂದ 400 ಕಿಲೋಮೀಟರಿಗೂ ಮಿಗಿಲಾದ ಬೆಂಗಳೂರಿನ ದಾರಿ.

ಆಯ್ಕೆ ಸಮಿತಿ ಪಕ್ಷಪಾತ ಮಾಡಿತೆಂದು ನಾವು ಬೇಗ ಸಿಟ್ಟಾಗುತ್ತೇವೆ. ಸಿಟ್ಟಾಗಬೇಕಾದ ಸಂದರ್ಭಗಳೂ ಇವೆ. ಆದರೆ ಸಮಿತಿ ಕೂರುವ ಮೊದಲೇ ಬಹುಪಾಲು ಆಯ್ಕೆ ಮುಗಿದಿರುತ್ತದೆ. 1928ರ ಕಲ್ಕತ್ತೆಯಲ್ಲಿ ಐದು ತಂಡಗಳಿದ್ದವು, ಅವುಗಳಿಂದಲೇ ತಂಡ ಆಯಿತು. ಬಾರದ ಪ್ರಾಂತಗಳಲ್ಲಿ ಇನ್ನೊಬ್ಬ ರೂಪ್ ಸಿಂಗ್ ಇದ್ದನೋ ಇಲ್ಲವೋ, ನೋಡಿದವರಿಲ್ಲ. ನಮ್ಮ ಊರುಗಳ ಮಕ್ಕಳನ್ನು ಯಾರಾದರೂ ನೋಡುವಂತೆ ಮಾಡುವುದು ದೆಹಲಿಯ ಸಮಿತಿಯ ಕೆಲಸವಲ್ಲ; ಅದು ಇಲ್ಲಿಯ ಶಾಲೆಯ ಬಯಲಿನಿಂದಲೇ ಆರಂಭವಾಗಬೇಕು.