ಮಾಹಿತಿ ವಿನ್ಯಾಸದಲ್ಲಿ ಸಂವಾದಾತ್ಮಕ ಅಂಶಗಳ ಬಳಕೆ: ಕಟ್ಟಾಯ ಹೋಬಳಿಯ ಪಹಣಿಯ ನಿದರ್ಶನ

ಪೀಠಿಕೆ

ಸಾರ್ವಜನಿಕರು ಪರದೆಯ ಮೇಲೆ ಆಯ್ಕೆ ಮಾಡಿ, ಸಂಖ್ಯೆ ನಮೂದಿಸಿ, ಗುಂಡಿ ಒತ್ತಿ ತಮಗೆ ಬೇಕಾದ ಉತ್ತರವನ್ನು ತಾವೇ ಪಡೆಯಲು ನೆರವಾಗುವ ಸಾಧನಗಳಿಗೆ ಸಂವಾದಾತ್ಮಕ ಅಂಶಗಳೆಂದು ಹೆಸರು. ಆಯ್ಕೆ ಪಟ್ಟಿ, ಹುಡುಕು ಪೆಟ್ಟಿಗೆ, ಮುಟ್ಟಿ ನೋಡುವ ನಕ್ಷೆ, ಅರ್ಜಿಯ ಸ್ಥಿತಿ ತಿಳಿಸುವ ಪುಟ ಇವೆಲ್ಲವೂ ಇದರಲ್ಲಿ ಸೇರುತ್ತವೆ. ಓಡುವ ಅಕ್ಷರಗಳು ಮತ್ತು ಮಿನುಗುವ ಚಿತ್ರಗಳು ಕಣ್ಣನ್ನು ಸೆಳೆಯಬಹುದಾದರೂ ಬಳಕೆದಾರರ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣದನ್ವಯ ಸಾರ್ವಜನಿಕ ಪ್ರಾಧಿಕಾರಗಳು ಸ್ವಯಂಪ್ರೇರಿತವಾಗಿ ಮಾಹಿತಿಯನ್ನು ಪ್ರಕಟಿಸಬೇಕು. ಹಾಗೆ ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶಕ್ಕೆ ಅತ್ಯಂತ ಪರಿಣಾಮಕಾರಿಯಾದ ಸಂವಹನ ವಿಧಾನವನ್ನೂ ಗಮನದಲ್ಲಿರಿಸಿಕೊಳ್ಳಬೇಕು. ರೈತನು ಮಧ್ಯವರ್ತಿಯ ನೆರವಿಲ್ಲದೆ ತನ್ನ ದಾಖಲೆಯನ್ನು ತಲುಪಬಲ್ಲನೇ ಎಂಬುದೇ ಈ ವಿಧಾನದ ಪರೀಕ್ಷೆ.

1. ಭೂಮಿ ಯೋಜನೆ ಮತ್ತು ಎರಡನೆಯ ಪರದೆ

ರಾಜ್ಯದಲ್ಲಿ ಇದಕ್ಕೆ ಉತ್ತಮ ನಿದರ್ಶನ ಕಂದಾಯ ಇಲಾಖೆಯ ಭೂಮಿ ಯೋಜನೆ. 2000ರ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪ್ರತಿಯನ್ನು ನೀಡಲಾಯಿತು. ಅದುವರೆಗೆ ಪಹಣಿಗಾಗಿ ಗ್ರಾಮಲೆಕ್ಕಿಗರನ್ನೇ ಕಾಯಬೇಕಾಗಿತ್ತು.

ಆ ಕೇಂದ್ರಗಳಲ್ಲಿ ಸಿಬ್ಬಂದಿಯ ಕಡೆಗೊಂದು, ರೈತರ ಕಡೆಗೊಂದು ಎಂದು ಎರಡು ಪರದೆಗಳನ್ನು ಇರಿಸಲಾಗಿತ್ತು. ಸಿಬ್ಬಂದಿ ಯಾವ ದಾಖಲೆಯನ್ನು ತೆರೆದಿದ್ದಾರೆ ಎಂಬುದನ್ನು ರೈತರು ಕುಳಿತಲ್ಲಿಯೇ ನೋಡಬಹುದಾಗಿತ್ತು. ಸಿಬ್ಬಂದಿಯ ನೆರವಿಲ್ಲದೆ ದಾಖಲೆ ವೀಕ್ಷಿಸಲು ಸ್ಪರ್ಶಪರದೆಯ ಯಂತ್ರಗಳನ್ನೂ ಪ್ರಾಯೋಗಿಕವಾಗಿ ಅಳವಡಿಸಲಾಯಿತು. ಅಂದಿನ ಎರಡನೆಯ ಪರದೆಯ ಕೆಲಸವನ್ನೇ ಇಂದು ಅಂತರ್ಜಾಲದ ಪಹಣಿ ವೀಕ್ಷಣೆ ಪುಟವು ಮನೆಯಲ್ಲಿಯೇ ಮಾಡಿಕೊಡುತ್ತದೆ.

2. ಆಯ್ಕೆ ಪಟ್ಟಿಗಳ ಅನುಕ್ರಮ

ಪಹಣಿ ವೀಕ್ಷಣೆಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಇವುಗಳನ್ನು ಒಂದಾದ ಮೇಲೊಂದರಂತೆ ಆರಿಸಬೇಕು. ಒಂದು ಆಯ್ಕೆಯಾದೊಡನೆ ಅದರ ವ್ಯಾಪ್ತಿಗೆ ಬರುವ ಹೆಸರುಗಳು ಮಾತ್ರ ಮುಂದಿನ ಪಟ್ಟಿಯಲ್ಲಿ ಉಳಿಯುತ್ತವೆ. ಇದರಿಂದ ಕಾಗುಣಿತದ ದೋಷ ತಪ್ಪುತ್ತದೆ ಮತ್ತು ಉದ್ದನೆಯ ಪಟ್ಟಿಯಲ್ಲಿ ಹುಡುಕುವ ಶ್ರಮ ಉಳಿಯುತ್ತದೆ. ಆದರೆ ಬಳಕೆದಾರರು ಮೊದಲ ಮೆಟ್ಟಿಲಿನಲ್ಲಿ ತಪ್ಪಿದರೆ ತಮ್ಮ ಗ್ರಾಮದ ಹೆಸರನ್ನೇ ಕಾಣಲಾರರು.

ಹಾಸನ ಜಿಲ್ಲೆಯ ಕಟ್ಟಾಯ ಹೋಬಳಿಯನ್ನು ಗಮನಿಸಬಹುದು. ಕಂದಾಯ ಆಡಳಿತದಲ್ಲಿ ಇದು ಹಾಸನ ತಾಲ್ಲೂಕಿಗೆ ಸೇರಿದೆ. 2008ರ ಕ್ಷೇತ್ರ ಮರುವಿಂಗಡಣೆಯ ಬಳಿಕ ಇದೇ ಹೋಬಳಿಯು ಸಕಲೇಶಪುರ ವಿಧಾನಸಭಾ ಕ್ಷೇತ್ರದಲ್ಲಿದ್ದು, ಜನರು ಆ ಕ್ಷೇತ್ರವನ್ನು ಸಕಲೇಶಪುರ-ಆಲೂರು-ಕಟ್ಟಾಯ ಎಂದೇ ಕರೆಯುತ್ತಾರೆ. ಮತದಾರರ ವಿಷಯದಲ್ಲಿ ಸಕಲೇಶಪುರವನ್ನು ಆರಿಸುವವರೇ ಪಹಣಿಗಾಗಿ ಹಾಸನ ತಾಲ್ಲೂಕನ್ನು ಆರಿಸಬೇಕು. ಹೊಳೆನರಸೀಪುರ ಮತ್ತು ಅರಕಲಗೂಡು ತಾಲ್ಲೂಕುಗಳೊಡನೆ ನಿತ್ಯದ ವ್ಯವಹಾರವಿರುವವರಿಗೂ ಇಂತಹ ಗೊಂದಲ ಸಹಜ. ಆದುದರಿಂದ ಗ್ರಾಮದ ಹೆಸರಿನ ಮೊದಲ ಅಕ್ಷರಗಳನ್ನು ಬರೆದೊಡನೆ ಅದರ ಹೋಬಳಿ ಹಾಗೂ ತಾಲ್ಲೂಕನ್ನು ತೋರಿಸುವ ಹುಡುಕು ಪೆಟ್ಟಿಗೆಯು ಆಯ್ಕೆ ಪಟ್ಟಿಯ ಜೊತೆಗಿರುವುದು ಸೂಕ್ತ.

ಮುಂದಿನ ತೊಡಕು ಸಂಖ್ಯೆಯದು. ರೈತರು ತಮ್ಮ ಜಮೀನನ್ನು "42 ಬೈ 3" ಎಂದು ಹೇಳುತ್ತಾರೆ. ಪುಟವು ಸರ್ವೆ ನಂಬರ್, ಸರ್‌ನಾಕ್ ಮತ್ತು ಹಿಸ್ಸಾ ನಂಬರ್ ಎಂದು ಮೂರನ್ನು ಕೇಳುತ್ತದೆ. ಪಹಣಿಯಲ್ಲಿ ಸರ್‌ನಾಕ್ ಅನೇಕ ವೇಳೆ ನಕ್ಷತ್ರದ ಗುರುತಾಗಿ ಮುದ್ರಿತವಾಗಿರುತ್ತದೆ. ಅದೂ ಸಂಖ್ಯೆಯ ಒಂದು ಭಾಗವೆಂದು ಬಹುಪಾಲು ಜನರಿಗೆ ತಿಳಿದಿರುವುದಿಲ್ಲ. ಹಳೆಯ ಪಹಣಿಯ ಚಿತ್ರದಲ್ಲಿ ಆ ಸ್ಥಳವನ್ನು ಗುರುತಿಸಿ ಪೆಟ್ಟಿಗೆಯ ಪಕ್ಕದಲ್ಲಿಯೇ ತೋರಿಸಿದರೆ ದೀರ್ಘವಾದ ಸೂಚನೆಗಳ ಅಗತ್ಯವಿಲ್ಲ.

3. ನಕ್ಷೆ

ಸರ್ವೆ ನಂಬರನ್ನೇ ತಿಳಿಯದವರಿಗೆ ನಕ್ಷೆ ಉಪಯುಕ್ತ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ರೂಪಿಸಿದ ದಿಶಾಂಕ್ ಆ್ಯಪ್, ಬಳಕೆದಾರರು ನಿಂತಿರುವ ಸ್ಥಳದ ಸರ್ವೆ ನಂಬರನ್ನು ತೋರಿಸುತ್ತದೆ. ಇಲ್ಲಿ ಪ್ರಶ್ನೆಯನ್ನು ಬರೆಯಬೇಕಾಗಿಲ್ಲ. ಹೊಲದಲ್ಲಿ ನಿಂತರೆ ಸಾಕು. ನಕ್ಷೆಯ ಗೆರೆಯು ಅಂದಾಜು ಮಾತ್ರವಾದುದರಿಂದ ಗಡಿ ನಿರ್ಣಯಕ್ಕೆ ಭೂಮಾಪಕರ ಅಳತೆಯೇ ಆಧಾರ. ಈ ಮಾತನ್ನು ನಕ್ಷೆಯ ಮೇಲೆಯೇ ಎದ್ದು ಕಾಣುವಂತೆ ನಮೂದಿಸಬೇಕು. ಇಲ್ಲವಾದಲ್ಲಿ ಬದುವಿನ ವ್ಯಾಜ್ಯಕ್ಕೆ ಅದೇ ಕಾರಣವಾದೀತು.

4. ಉತ್ತರ ಮತ್ತು ಆಕ್ಷೇಪಣೆ

ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 11ನೇ ಕಾಲಂನಲ್ಲಿ ಸಾಲ ಮತ್ತಿತರ ಹಕ್ಕು-ಋಣಗಳ ವಿವರವಿರುತ್ತದೆ. ತೀರಿದ ಸಾಲ ಇನ್ನೂ ನಮೂದಾಗಿರುವುದು ಅಥವಾ ಹೆಸರಿನಲ್ಲಿ ಅಕ್ಷರದೋಷವಿರುವುದು ಬ್ಯಾಂಕಿಗೆ ಹೋಗುವ ಮುನ್ನವೇ ತಿಳಿದುಬಂದರೆ ಬೆಳೆಸಾಲದ ಕಾಲ ಮೀರುವುದು ತಪ್ಪುತ್ತದೆ. ತಪ್ಪು ಕಂಡವರಿಗೆ ಮುಂದಿನ ದಾರಿಯನ್ನು ಅದೇ ಪುಟ ತೋರಿಸಬೇಕು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ವಿವರವನ್ನು ಆ್ಯಪ್ ಮೂಲಕ ದಾಖಲಿಸುವ ಅವಕಾಶ ಕಲ್ಪಿಸಿದಾಗ ಈ ಸಂವಾದ ದ್ವಿಮುಖವಾಯಿತು.

5. ವಿನ್ಯಾಸದಲ್ಲಿ ಗಮನಿಸಬೇಕಾದ ಅಂಶಗಳು

(1) ಬಳಕೆದಾರರಿಗೆ ತಿಳಿದಿರುವುದನ್ನು ಮೊದಲು ಕೇಳುವುದು. ಇಲಾಖೆಗೆ ಮಾತ್ರ ತಿಳಿದಿರುವುದನ್ನು ಪುಟವೇ ಒದಗಿಸುವುದು.
(2) ದಾಖಲೆ ದೊರೆಯದಿದ್ದಲ್ಲಿ ಯಾವ ಆಯ್ಕೆಯನ್ನು ಮರುಪರಿಶೀಲಿಸಬೇಕೆಂದು ಸರಳ ಕನ್ನಡದಲ್ಲಿ ತಿಳಿಸುವುದು.
(3) ಹಿಂದಿನ ಪುಟಕ್ಕೆ ಮರಳಿದಾಗ ಮಾಡಿದ ಆಯ್ಕೆಗಳು ಅಳಿಯದಂತೆ ನೋಡಿಕೊಳ್ಳುವುದು.
(4) ಬಣ್ಣವೊಂದರಿಂದಲೇ ಅರ್ಥ ಸೂಚಿಸದಿರುವುದು. ದೃಷ್ಟಿದೋಷವುಳ್ಳವರು ಕೀಲಿಮಣೆಯಿಂದಲೇ ಬಳಸುವಂತೆ ರೂಪಿಸುವುದು. 2009ರಲ್ಲಿ ಪ್ರಕಟವಾದ ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಯೂ ಸುಗಮ್ಯತೆಗೆ ಒತ್ತು ನೀಡಿದೆ.
(5) ಭಾರವಾದ ಚಿತ್ರಗಳನ್ನು ಕೈಬಿಟ್ಟು, ದುರ್ಬಲ ಸಂಪರ್ಕವಿರುವ ಹಳ್ಳಿಯಲ್ಲಿಯೂ ಪುಟ ತೆರೆಯುವಂತೆ ಮಾಡುವುದು.

ಉಪಸಂಹಾರ

ಜಾಲತಾಣಕ್ಕೆ ಎಷ್ಟು ಜನ ಭೇಟಿಯಿತ್ತರೆಂಬ ಎಣಿಕೆ ಸುಲಭ. ಅವರಲ್ಲಿ ಎಷ್ಟು ಮಂದಿ ತಮ್ಮ ಸರ್ವೆ ನಂಬರಿನವರೆಗೆ ತಲುಪಿದರು, ಎಷ್ಟು ಮಂದಿ ತಾಲ್ಲೂಕಿನ ಪಟ್ಟಿಯಲ್ಲಿಯೇ ನಿಂತುಹೋದರು ಎಂಬ ಎಣಿಕೆಯು ವಿನ್ಯಾಸವನ್ನು ತಿದ್ದಲು ನೆರವಾಗುತ್ತದೆ. ಪಹಣಿ ವೀಕ್ಷಿಸುವ ಸಾರ್ವಜನಿಕರು ಹಳೆಯ ಪ್ರತಿಯೊಂದನ್ನು ಪಕ್ಕದಲ್ಲಿರಿಸಿಕೊಂಡು, ಕಂದಾಯ ತಾಲ್ಲೂಕನ್ನು ಖಚಿತಪಡಿಸಿಕೊಂಡು ಮುಂದುವರಿಯುವುದು ಉತ್ತಮ.