ಲೋಹಸುಂಕಗಳೂ ಕೈಗಾರಿಕೆಗಾರರ ಸಾಕ್ಷ್ಯವೂ: ೧೯೦೪ರ ಆಂಗ್ಲ ಸುಂಕಸಮಿತಿ

ಪರರಾಷ್ಟ್ರವೊಂದು ಕಬ್ಬಿಣಕ್ಕೂ ಉಕ್ಕಿಗೂ ಸುಂಕವನ್ನು ಹೇರಿದಾಗ, ಅದಕ್ಕೆ ಪ್ರತಿಯಾಗಿ ಮಾಡತಕ್ಕದ್ದೇನೆಂಬುದನ್ನು ನಷ್ಟಕ್ಕೊಳಗಾದ ಕೈಗಾರಿಕೆಗಾರರನ್ನೇ ಕೇಳಿ ತಿಳಿಯುವುದು ಸಹಜವಾದ ಕ್ರಮವೆಂದು ತೋರುತ್ತದೆ. ಆದರೆ ಕೇಳುವವರು ಯಾರು, ಉತ್ತರ ಕೊಡುವವರು ಯಾರು ಎಂಬುದರ ಮೇಲೆ ಆ ಉತ್ತರದ ಪ್ರಾಮಾಣ್ಯವು ನಿಂತಿರುವುದಷ್ಟೆ. ೧೯೦೪ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಚಾರಣೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

೧೮೪೬ರಲ್ಲಿ ಧಾನ್ಯಶಾಸನಗಳನ್ನು ರದ್ದುಗೊಳಿಸಿದಂದಿನಿಂದ ಅಬಾಧಿತ ವ್ಯಾಪಾರವು ಆಂಗ್ಲರಿಗೆ ಬರಿಯ ಅರ್ಥನೀತಿಯಾಗಿರದೆ ಹೆಚ್ಚುಕಡಿಮೆ ಒಂದು ಮತವೇ ಆಗಿಹೋಗಿತ್ತು. ಇತರ ರಾಷ್ಟ್ರಗಳು ಆ ಮತವನ್ನು ಸ್ವೀಕರಿಸಲಿಲ್ಲ. ಬಿಸ್ಮಾರ್ಕನ ಜರ್ಮನಿಯು ೧೮೭೯ರಲ್ಲಿ ಕಬ್ಬಿಣದ ಸುಂಕವನ್ನು ಮತ್ತೆ ಜಾರಿಗೆ ತಂದಿತು. ಅಮೆರಿಕದ ೧೮೯೦ರ ಮೆಕಿನ್ಲಿ ಶಾಸನವು ತವರ ಲೇಪಿಸಿದ ತಗಡಿನ ಮೇಲೆ ಪೌಂಡಿಗೆ ೧ ಸೆಂಟಿದ್ದ ಸುಂಕವನ್ನು ೨.೨ ಸೆಂಟಿಗೆ ಏರಿಸಿತು. ೧೮೯೧ರ ಜುಲೈ ೧ರಿಂದ ಇದು ಜಾರಿಗೆ ಬಂದಿತು. ದಕ್ಷಿಣ ವೇಲ್ಸಿನ ತಗಡಿಗೆ ಅಮೆರಿಕವೇ ಮುಖ್ಯವಾದ ಪೇಟೆ. ಕಾರ್ಖಾನೆಗಳು ಮುಚ್ಚಿದುವು, ಕುಶಲರಾದ ಕೆಲಸಗಾರರು ಅನೇಕರು ಸಮುದ್ರ ದಾಟಿ, ತಮ್ಮ ಜೀವನೋಪಾಯವನ್ನು ಕಸಿದುಕೊಂಡ ಆ ದೇಶದ ಹೊಸ ಗಿರಣಿಗಳಲ್ಲಿಯೇ ಕೆಲಸಕ್ಕೆ ಸೇರಿದರು.

ಈ ಸ್ಥಿತಿಗೆ ಪ್ರತೀಕಾರವೇನು? ಪ್ರಧಾನಮಂತ್ರಿ ಬಾಲ್ಫರನು ಸಂಧಾನಕ್ಕೆ ಆಯುಧವಾಗಿ ಪ್ರತಿಸುಂಕದ ಹಕ್ಕು ಕೈಯಲ್ಲಿದ್ದರೆ ಸಾಕೆಂದನು. ಜೋಸೆಫ್ ಚೇಂಬರ್ಲೇನನು ಅಷ್ಟಕ್ಕೆ ನಿಲ್ಲಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ತಿರುಪುಮೊಳೆಗಳ ಕಾರ್ಖಾನೆಯನ್ನು ನಡೆಸಿ ಐಶ್ವರ್ಯವಂತನಾಗಿದ್ದ ಆತನು ೧೯೦೩ರ ಮೇ ೧೫ರಂದು ಅದೇ ಊರಿನಲ್ಲಿ ಸಾಮ್ರಾಜ್ಯಪಕ್ಷಪಾತದ ಸುಂಕನೀತಿಯನ್ನು ಸಾರಿ, ಸೆಪ್ಟೆಂಬರಿನಲ್ಲಿ ಮಂತ್ರಿಪದವಿಯನ್ನು ಬಿಟ್ಟು ಪ್ರಚಾರಕ್ಕಿಳಿದನು. ಆ ವರ್ಷದ ಕೊನೆಯಲ್ಲಿ ಸುಂಕಸಮಿತಿಯನ್ನು ರಚಿಸುವುದಾಗಿ ಪ್ರಕಟಿಸಿದನು. ಲಂಡನ್ ಅರ್ಥಶಾಸ್ತ್ರ ವಿದ್ಯಾಲಯದ ಮೊದಲನೆಯ ನಿರ್ದೇಶಕನಾಗಿದ್ದ ಹ್ಯೂಯಿನ್ಸನು ಅದರ ಕಾರ್ಯದರ್ಶಿಯಾದನು.

ಹೆಸರು ಗಂಭೀರವಾಗಿದ್ದರೂ ಸಮಿತಿಯು ಸರ್ಕಾರದ್ದಲ್ಲ. ಸಾಕ್ಷಿಗಳನ್ನು ಬಲವಂತವಾಗಿ ಕರೆಸುವ ಅಧಿಕಾರ ಅದಕ್ಕಿರಲಿಲ್ಲ. ಪ್ರಶ್ನಾವಳಿಗಳನ್ನು ಕಾರ್ಖಾನೆಗಳಿಗೆ ಕಳುಹಿಸಿತು; ಕೆಲವರನ್ನು ಕರೆದು ವಿಚಾರಿಸಿತು. ಉತ್ತರಿಸುವುದು ಅವರವರ ಇಚ್ಛೆ. ಸುಂಕ ಬೇಕೆಂಬ ನಿರ್ಣಯವನ್ನು ಮೊದಲೇ ಕೈಗೊಂಡವನ ಮಂಡಲಿಗೆ ಸುಂಕ ಬೇಡವೆನ್ನುವವನು ಲೆಕ್ಕಪತ್ರಗಳನ್ನು ಬಿಚ್ಚಿ ತೋರಿಸುವನೆಂದು ನಿರೀಕ್ಷಿಸಲಾಗದು. ಅಬಾಧಿತ ವ್ಯಾಪಾರವಾದಿಗಳು ಇದನ್ನು ವಿಚಾರಣೆಯೆಂದೇ ಒಪ್ಪಲಿಲ್ಲ. ಈ ಆಕ್ಷೇಪದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಹಾಗೆಂದು ಸಂಗ್ರಹವಾದ ಸಾಕ್ಷ್ಯವು ನಿರರ್ಥಕವೂ ಅಲ್ಲ. ಜರ್ಮನಿಯ ಉತ್ಪಾದಕಸಂಘಗಳು ಸುಂಕದ ಗೋಡೆಯ ಮರೆಯಲ್ಲಿ ಸ್ವದೇಶದವರಿಗೆ ಹೆಚ್ಚು ಬೆಲೆಗೆ ಮಾರಿ, ಮಿಕ್ಕ ಉಕ್ಕನ್ನು ಇಂಗ್ಲೆಂಡಿನಲ್ಲಿ ಅಗ್ಗವಾಗಿ ಸುರಿಯುತ್ತಿದ್ದುವೆಂಬ ದೂರಿಗೆ ಆಧಾರವಿತ್ತು.

ನಿಜವಾದ ತೊಡಕು ಬೇರೆಡೆಯಲ್ಲಿತ್ತು. ಬೀಡು ಕಬ್ಬಿಣವನ್ನೂ ಉಕ್ಕನ್ನೂ ಕರಗಿಸಿ ತೆಗೆಯುವವನಿಗೆ ಶತ್ರುವಾದ ವಸ್ತುವೇ ತಗಡು ಮಾಡುವವನಿಗೆ ಅನ್ನವಾಗಿತ್ತು. ಪರದೇಶದ ಅಗ್ಗದ ಉಕ್ಕಿನ ಪಟ್ಟಿಗಳನ್ನು ತರಿಸಿಕೊಂಡೇ ವೇಲ್ಸಿನ ಎಷ್ಟೋ ಗಿರಣಿಗಳು ಜೀವ ಹಿಡಿದಿದ್ದುವು. ಹಡಗು ಕಟ್ಟುವವರಿಗೂ ಅಗ್ಗದ ಉಕ್ಕಿನ ಹಲಗೆಗಳು ಬೇಕಾಗಿದ್ದುವು. ಅಮೆರಿಕದ ಸುಂಕದಿಂದ ಪೆಟ್ಟುತಿಂದ ತಗಡಿನವರಿಗೆ ಸ್ವದೇಶದ ಸುಂಕವು ಎರಡನೆಯ ಪೆಟ್ಟಾಗುವ ಸಂಭವವಿತ್ತು. 'ಕೈಗಾರಿಕೆಯ ಅಭಿಪ್ರಾಯ'ವೆಂಬ ಒಂದೇ ವಸ್ತು ಇಲ್ಲಿ ಇರಲಿಲ್ಲ.

೧೯೦೪ರ ಜುಲೈಯಲ್ಲಿ ಕಬ್ಬಿಣ-ಉಕ್ಕುಗಳ ವರದಿ ಹೊರಬಿದ್ದಿತು. ನ್ಯಾಯವಾಗಿ ನಡೆದುಕೊಳ್ಳುವ ಪರರಾಷ್ಟ್ರಗಳಿಗೆ ಕಡಮೆಯಾದ ಸಾಮಾನ್ಯ ಸುಂಕ, ಸಾಮ್ರಾಜ್ಯದ ವಸಾಹತುಗಳಿಗೆ ಇನ್ನೂ ಕಡಮೆಯ ಸುಂಕ, ಉಳಿದವರಿಗೆ ಸಂಧಾನದಿಂದ ಇಳಿಸಬಹುದಾದ ಗರಿಷ್ಠ ಸುಂಕ — ಹೀಗೆ ಮೂರು ಮೆಟ್ಟಲುಗಳ ಯೋಜನೆಯನ್ನು ಅದು ಸೂಚಿಸಿತು. ೧೯೦೬ರ ಚುನಾವಣೆಯಲ್ಲಿ ಲಿಬರಲ್ ಪಕ್ಷವು ಭಾರಿ ಜಯವನ್ನು ಪಡೆಯಿತು. ಅದೇ ಜುಲೈಯಲ್ಲಿ ಚೇಂಬರ್ಲೇನನು ಪಾರ್ಶ್ವವಾಯುವಿಗೆ ತುತ್ತಾದನು. ವರದಿಯು ಕಾಗದದಲ್ಲಿಯೇ ಉಳಿಯಿತು.

ಆ ಯೋಜನೆಯ ತಿರುಳಿಗೆ ೧೯೩೨ರಲ್ಲಿ ಮತ್ತೆ ಜೀವ ಬಂದಿತು. ಆಗಿನ ಅರ್ಥಸಚಿವ ನೆವಿಲ್ ಚೇಂಬರ್ಲೇನನು ಜೋಸೆಫನ ಮಗ. ಆತನು ತಂದ ಶಾಸನದ ಮೇರೆಗೆ ಸರ್ ಜಾರ್ಜ್ ಮೇಯ ಅಧ್ಯಕ್ಷತೆಯಲ್ಲಿ ಸಲಹಾಸಮಿತಿಯೊಂದು ಏರ್ಪಟ್ಟಿತು. ಈ ಬಾರಿ ಅದು ಶಾಸನಬದ್ಧವಾದುದು. ಉಕ್ಕಿನ ಅನೇಕ ಬಗೆಗಳಿಗೆ ಶೇಕಡ ೩೩⅓ರ ಸುಂಕ ಬಿದ್ದಿತು. ೧೯೩೫ರಲ್ಲಿ ಅದನ್ನು ಶೇಕಡ ೫೦ಕ್ಕೆ ಏರಿಸಿದ ಮೇಲೆ ಯೂರೋಪಿನ ಉಕ್ಕುಸಂಘವು ಇಂಗ್ಲೆಂಡಿಗೆ ಕಳುಹಿಸುವ ಸರಕಿಗೆ ಮಿತಿಯನ್ನು ಒಪ್ಪಿಕೊಂಡಿತು.